ಎಳೆದರೆ ಹಿಗ್ಗುವ ಕಾಲಿನ ಮಿಡತೆ

ನರಗುಂದದ ಗುಡ್ಡದ ಕೆಳಗೆ, ಪೇಟೆಯ ಸಾಲಿನಲ್ಲಿ ನನ್ನ ಮಾವನವರ ಅಂಗಡಿ ಇತ್ತು. ಅವರು ಪಟವೇಗಾರರು. ರೇಷ್ಮೆಯ ಎಳೆಯನ್ನು ಹುರಿಮಾಡಿ ಹೆಂಗಸರ ಸರಗಳಿಗೆ ಮಣಿ ಪೋಣಿಸಿ ಕೊಡುವುದು, ಗಂಡಸರಿಗೆ ಉಡಿದಾರ ಹೆಣೆಯುವುದು, ಕುದುರೆಯ ಕೊರಳಿಗೂ ಕತ್ತಿಯ ಹಿಡಿಕೆಗೂ ಗೊಂಡೆ ಕಟ್ಟುವುದು ಆ ಮನೆಯ ಕೆಲಸ. ನಾನು ಗಜೇಂದ್ರಗಡದಿಂದ ಸೊಸೆಯಾಗಿ ಆ ಮನೆಗೆ ಬಂದವಳು. ತವರಿನಲ್ಲಿ ಅಪ್ಪ ಪುರಾಣ ಓದುವವರಾಗಿದ್ದುದರಿಂದ ನನಗೆ ನಾಲ್ಕಕ್ಷರ ಬರುತ್ತದೆ. ಅದನ್ನು ಇಷ್ಟು ವರ್ಷಗಳ ಮೇಲೆ ಈ ಒಂದು ಸಂಗತಿಗೆ ಬಳಸುತ್ತಿದ್ದೇನೆ.

ಪಟವೇಗಾರನಿಗೆ ಮೂರು ಕೈ ಎಂದು ನಮ್ಮಲ್ಲಿ ಹೇಳುತ್ತಿದ್ದರು. ಮೂರನೆಯ ಕೈ ಎಂದರೆ ಕಾಲಿನ ಹೆಬ್ಬೆರಳು. ಮಾವನವರು ಚಾಪೆಯ ಮೇಲೆ ಒಂದು ಮೊಣಕಾಲು ಎತ್ತಿ ಕುಳಿತು, ಆ ಕಾಲಿನ ಹೆಬ್ಬೆರಳಿಗೆ ದಾರದ ಕುಣಿಕೆ ಹಾಕಿ, ಕಟ್ಟಬೇಕಾದ ವಸ್ತುವನ್ನು ಅದಕ್ಕೆ ಸಿಗಿಸುತ್ತಿದ್ದರು. ಅದರ ಇನ್ನೊಂದು ತುದಿಯ ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಳೆದರೆ ವಸ್ತು ಬಿಗಿಯಾಗಿ ನಡುವೆ ನಿಲ್ಲುತ್ತಿತ್ತು. ಎರಡೂ ಕೈಗಳು ಖಾಲಿ. ಆ ಖಾಲಿ ಕೈಗಳು ಎಷ್ಟು ವೇಗವಾಗಿ ಸುತ್ತುತ್ತಿದ್ದವೆಂದರೆ ಬೆರಳು ಯಾವುದು ರೇಷ್ಮೆ ಯಾವುದು ತಿಳಿಯುತ್ತಿರಲಿಲ್ಲ. ಹಲ್ಲಿನಲ್ಲಿ ದಾರ ಇರುತ್ತಿದ್ದುದರಿಂದ ಕೆಲಸದ ಹೊತ್ತಿನಲ್ಲಿ ಅವರು ಮಾತಾಡುತ್ತಿರಲಿಲ್ಲ. ಅತ್ತೆಯವರು ಬೈಯಬೇಕಾದದ್ದನ್ನೆಲ್ಲ ಆ ಹೊತ್ತಿಗೇ ಇಟ್ಟುಕೊಳ್ಳುತ್ತಿದ್ದರು.

ನಾನು ಅವರ ಎದುರಿಗೆ ಬರುತ್ತಿರಲಿಲ್ಲ. ಸೊಸೆ ಮಾವನ ಮುಂದೆ ಸೆರಗು ಎಳೆದುಕೊಂಡು ಗೋಡೆ ಹಿಡಿದು ಸರಿಯಬೇಕು. ಅವರು ಕುಳಿತಿದ್ದರೆ ಆ ದಿಕ್ಕಿಗೆ ಕಾಲು ಚಾಚಿ ಕೂಡಬಾರದು. ಹೊಸ್ತಿಲ ಒಳಗೆ ಕುಳಿತು ನಾನು ರೇಷ್ಮೆ ಹುರಿ ಮಾಡುತ್ತಿದ್ದೆ. ಹೊಸ್ತಿಲ ಆಚೆ ಅವರು ಕಟ್ಟುತ್ತಿದ್ದರು. ಹುರಿ ಸಡಿಲಾಗಿದ್ದರೆ ಕಂಬದ ಕಡೆ ಮುಖ ಮಾಡಿ, "ಇವತ್ತ ಯಾಕೋ ದಾರ ನಿದ್ದಿ ಮಾಡಾಕತ್ತೈತಿ" ಎನ್ನುತ್ತಿದ್ದರು. ನನಗೆ ತಿಳಿಯುತ್ತಿತ್ತು.

ಕಂಪನಿ ಸರಕಾರದ ವಿರುದ್ಧ ನರಗುಂದದಲ್ಲಿ ಎದ್ದ ಗಲಾಟೆಗೆ ಕೆಲವು ವರ್ಷ ಮೊದಲು, ಭೂಮಿ ಅಳೆದು ಮೋಜಣಿ ಮಾಡುವ ಒಬ್ಬ ಸಾಹೇಬ ಬೆಣ್ಣೆಹಳ್ಳದ ದಂಡೆಗೆ ಡೇರೆ ಹಾಕಿದ್ದ. ಅವನು ಒಂದು ದಿನ ನಮ್ಮ ಅಂಗಡಿಗೆ ಬಂದು, ಅಂಗೈಯಲ್ಲಿ ಒಂದು ಕೊಕ್ಕೆಯನ್ನು ತೋರಿಸಿದ. ಕೊಕ್ಕೆಯ ಮೈಗೆ ಗರಿ, ಕೂದಲು, ದಾರ ಸುತ್ತಿತ್ತು. ನುಸಿ ತಿಂದು ಅರ್ಧ ಉದುರಿತ್ತು. ನೀರ ಮೇಲೆ ಇದನ್ನು ಬಿಟ್ಟರೆ ಮೀನು ಹುಳ ಬಿತ್ತೆಂದು ತಿಳಿದು ನುಂಗುತ್ತದೆ, ಇಂಥದು ಕಟ್ಟಿಕೊಡಬೇಕು ಎಂದು ಅವನ ಜತೆಯ ಸಿಪಾಯಿ ವಿವರಿಸಿದ. ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ಮಾವನವರು ಆ ಕೊಕ್ಕೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ದಾರದ ಕೊನೆ ಎಲ್ಲಿ ಮುಗಿದಿದೆ ಎಂದು ಹುಡುಕಿದರು. ಗಂಟು ಕಾಣಲಿಲ್ಲ. ಕೊನೆಯ ಎಳೆಯನ್ನು ಅದರದೇ ಸುತ್ತುಗಳ ಕೆಳಗೆ ತೂರಿಸಿ ಎಳೆದು ಮುಚ್ಚಿದ್ದರು. ಗೊಂಡೆಯ ಕುತ್ತಿಗೆಯನ್ನು ನಾವು ಮುಗಿಸುವುದೂ ಹಾಗೆಯೇ.

"ಇದು ನಮ್ಮ ಕೈಕೆಲಸಾನ ಐತಲ್ಲ. ಅಲ್ಲಿಯೂ ಪಟವೇಗಾರರು ಅದಾರ ಅನ್ನು" ಎಂದು ಕಂಬಕ್ಕೆ ಹೇಳಿದರು. ಅವರಿಗೆ ಆ ದಿನವೆಲ್ಲ ಅದೇ ಸಂತೋಷ.

ಸಾಹೇಬ ಬೋಳು ಕೊಕ್ಕೆಗಳ ಒಂದು ತಗಡಿನ ಡಬ್ಬಿ ಕೊಟ್ಟು ಹೋದ. ಈ ಕಡೆಯ ಮೀನುಗಳು ಮಿಡತೆಗೆ ಹಾರುತ್ತವೆ, ಮಿಡತೆಯಂತೆ ಕಟ್ಟು ಎಂದಿದ್ದ. ಮಾವನವರು ಜೋಳದ ಹೊಲದಿಂದ ಒಂದು ಮಿಡತೆ ಹಿಡಿದು ತಂದು ಬಟ್ಟಲು ಮುಚ್ಚಿಟ್ಟು, ಎತ್ತೆತ್ತಿ ನೋಡಿ ಕಟ್ಟಿದರು. ಮೈಗೆ ನವಿಲುಗರಿಯ ಎಳೆ, ಕೊರಳಿಗೆ ಹುಂಜದ ಗರಿ, ಕಾಲಿಗೆ ಹುರಿಮಾಡಿದ ರೇಷ್ಮೆ. ಒಣಗಿದ್ದಾಗ ಅದು ಇನ್ನೇನು ಹಾರುತ್ತದೆ ಎನ್ನುವಂತಿತ್ತು. ತಂಬಿಗೆಯ ನೀರಿನಲ್ಲಿ ಬಿಟ್ಟಾಗ ರೇಷ್ಮೆಯ ಕಾಲುಗಳು ತೊಯ್ದು ಮೈಗೆ ಅಂಟಿಕೊಂಡವು. ಸತ್ತ ಮಿಡತೆಯೂ ಅಷ್ಟು ಸತ್ತಂತೆ ಕಾಣುವುದಿಲ್ಲ. ಕುದುರೆಯ ಬಾಲದ ಕೂದಲು ಹಾಕಿ ನೋಡಿದರು, ಸೆಟೆದು ನಿಂತಿತು. ಮೇಕೆಯ ಕರುಳಿನ ತಂತಿ ಹಾಕಿದರು, ನೀರಿನಲ್ಲಿ ಅದು ಮೆತ್ತಗಾಗಿ ಜೋತುಬಿತ್ತು.

ಒಂದು ದಿನ ಸಾಹೇಬನ ಅಡಿಗೆಯವನು ಒಂದು ಹರಿದ ಬೂಟು ತಂದು, ಇದರ ಬದಿಯ ಪಟ್ಟಿ ಹೊಲಿಯಲಾಗುತ್ತದೆಯೇ ಎಂದು ಕೇಳಿದ. ಆ ಬೂಟಿಗೆ ಲಾಡಿ ಇರಲಿಲ್ಲ. ಎರಡೂ ಬದಿಗೆ ನೇಯ್ದ ಪಟ್ಟಿ. ಕಾಲು ತೂರಿಸಿದರೆ ಹಿಗ್ಗಿ, ಮತ್ತೆ ಕುಗ್ಗಿ ಹಿಡಿಯುತ್ತದೆ. ಮಾವನವರು ಪಟ್ಟಿಯ ಹರಿದ ಅಂಚಿನಿಂದ ಒಂದು ಎಳೆ ಹಿಡಿದು ಎಳೆದರು. ಅದು ಬಂತು, ಇನ್ನೂ ಬಂತು, ಬಿಟ್ಟ ಕೂಡಲೇ ಓಡಿಹೋಯಿತು. ಹುಟ್ಟಿದಂದಿನಿಂದ ದಾರದ ನಡುವೆ ಬದುಕಿದ ಮನುಷ್ಯ, ಬೆರಳು ಸುಟ್ಟವರಂತೆ ಕೈ ಹಿಂದೆ ತೆಗೆದುಕೊಂಡರು. ಅದನ್ನು ರಬ್ಬರು ಎನ್ನುತ್ತಾರೆಂದು ನಮಗೆ ಬಹಳ ಕಾಲದ ಮೇಲೆ ತಿಳಿಯಿತು. ಪಟ್ಟಿ ಹೊಲಿಯುವಂತಿರಲಿಲ್ಲ. ಬೂಟನ್ನು ಅಡಿಗೆಯವನು ಅಲ್ಲೇ ಬಿಟ್ಟುಹೋದ.

ಅತ್ತೆಯವರು ಬಾಗಿಲಿಗೆ ಅಡ್ಡ ನಿಂತರು. "ಕಂಡವರ ಕಾಲ್ಮರಿ ದಾರ ಮನಿಯೊಳಗ ತಂದ್ರ ನಾ ಒಲಿ ಹಚ್ಚೂದಿಲ್ಲ ನೋಡ್ರಿ!"

"ಕಾಲ್ಮರಿ ಅಲ್ಲ ಅದು. ಬೂಟ."

"ಬೂಟ ಅಂದ್ರ ತಲಿಗಿ ಹಾಕ್ಕೋತಾರೇನು?"

ಆ ದಿನದಿಂದ ಮಿಡತೆಯ ಕೆಲಸ ದನದ ಕೊಟ್ಟಿಗೆಗೆ ಹೋಯಿತು. ಅತ್ತೆಯವರು ಅದರ ಡಬ್ಬಿಯನ್ನು ಕಡ್ಡಿಯಿಂದ ತಳ್ಳುತ್ತಿದ್ದರೇ ಹೊರತು ಕೈಯಿಂದ ಮುಟ್ಟುತ್ತಿರಲಿಲ್ಲ. ಆದರೆ ಹಿಗ್ಗುವ ಎಳೆಯ ಕಾಲು ಕಟ್ಟಿದ ಮೊದಲ ಮಿಡತೆಯನ್ನು ಎಮ್ಮೆಯ ನೀರಿನ ಬಾನಿಯಲ್ಲಿ ಬಿಟ್ಟಾಗ ಅವರೂ ಬಗ್ಗಿ ನೋಡಿದರು. ನೀರು ಸ್ವಲ್ಪ ಅಲುಗಿದರೆ ಸಾಕು, ಕಾಲುಗಳು ನಡುಗುತ್ತಿದ್ದವು, ಚಾಚುತ್ತಿದ್ದವು, ಮತ್ತೆ ಮಡಚುತ್ತಿದ್ದವು. "ಅಯ್ಯ, ಜೀವ ಐತಿ ಇದಕ್ಕ" ಎಂದು ಅತ್ತೆಯವರು ಹಿಂದೆ ಸರಿದರು.

ಸಾಹೇಬ ಕೆಲವನ್ನು ಒಯ್ದ. ಮೋಜಣಿ ಮುಗಿದ ಮೇಲೆ ಊರಿಗೋ ಬೇರೆ ಜಿಲ್ಲೆಗೋ ಹೊರಟುಹೋದ. ಮತ್ತೆ ಅವನ ಸುದ್ದಿ ಇಲ್ಲ. ಕಟ್ಟಿ ಉಳಿದ ಮಿಡತೆಗಳು, ಬೋಳು ಕೊಕ್ಕೆಗಳು, ಬೂಟಿನ ಪಟ್ಟಿ, ಒಂದು ತುಂಡು ಜೇನುಮೇಣ, ಇಷ್ಟೂ ಆ ತಗಡಿನ ಡಬ್ಬಿಯಲ್ಲೇ ಉಳಿದವು.

ಆಮೇಲೆ ನರಗುಂದದ ಗಲಾಟೆ ಆಯಿತು. ಅದನ್ನು ಹೇಳುವವರು ಬೇರೆ ಇದ್ದಾರೆ. ನಾನು ಕಂಡದ್ದು ಬಾಗಿಲ ಸಂದಿಯಿಂದ ಕಾಣುವಷ್ಟು ಮಾತ್ರ. ಕಂಪನಿ ಸರಕಾರದ ಒಬ್ಬ ದೊಡ್ಡ ಸಾಹೇಬನನ್ನು ಹೊರಗೆಲ್ಲೋ ಕೊಂದರೆಂದು ಸುದ್ದಿ ಬಂತು. ಅವನ ಪೆಟ್ಟಿಗೆಗಳನ್ನು ಸಿಕ್ಕವರು ಸಿಕ್ಕಷ್ಟು ಎತ್ತಿಕೊಂಡರಂತೆ. ಆಮೇಲೆ ಫೌಜು ಬಂತು, ತೋಪಿನ ಸದ್ದು ಬಂತು, ಗುಡ್ಡದ ಮೇಲಿನ ಕೋಟೆ ಅವರ ಕೈಸೇರಿತು. ನಮ್ಮ ಪೇಟೆಯ ಸಾಲಿನಲ್ಲಿ ಬೆಂಕಿ ಬಿತ್ತು. ನನ್ನ ಗಂಡ ರೇಷ್ಮೆ ತರಲು ಬೆಟಗೇರಿಗೆ ಹೋದವರು ಆ ಕಡೆಯೇ ಉಳಿದಿದ್ದರು. ಅದು ನಮ್ಮ ಪುಣ್ಯ. ನಾವು ಮೂವರು, ಮಾವ, ಅತ್ತೆ ಮತ್ತು ನಾನು, ನನ್ನ ತವರು ಗಜೇಂದ್ರಗಡಕ್ಕೆ ಹೊರಟೆವು.

ರೋಹಿಣಿ ಮಳೆ ಒಂದು ಬಿದ್ದಿತ್ತು. ಎರೆಮಣ್ಣು ಕಾಲಿಗೆ ಮೆತ್ತಿ, ಒಂದೊಂದು ಹೆಜ್ಜೆಗೂ ಪಾದ ಭಾರವಾಗುತ್ತಿತ್ತು. ಶಿರೋಳ ದಾಟಿ ಬೆಳವಣಕಿಯ ದಾರಿ ಹಿಡಿದಾಗ ಎದುರಿನಿಂದ ಕಂಪನಿಯ ಸವಾರರು ಬಂದರು. ನರಗುಂದದಿಂದ ಹೊರಟವರ ಗಂಟುಮೂಟೆಗಳನ್ನೆಲ್ಲ ಬಿಚ್ಚಿಸುತ್ತಿದ್ದರು. ಅತ್ತೆಯವರ ಗಂಟಿನಲ್ಲಿ ಪಾತ್ರೆ, ಜೋಳದ ಹಿಟ್ಟು. ನನ್ನದರಲ್ಲಿ ಸೀರೆ. ಮಾವನವರದರಲ್ಲಿ ರೇಷ್ಮೆ, ಮೇಣ, ಸಣ್ಣ ಕತ್ತರಿ, ಮತ್ತು ಆ ಡಬ್ಬಿ. ಅದನ್ನು ಅವರು ತಂದಿದ್ದಾರೆಂದು ಅತ್ತೆಯವರಿಗೂ ಗೊತ್ತಿರಲಿಲ್ಲ.

ಆ ಸವಾರರ ಜಮಾದಾರ ಡಬ್ಬಿಯ ಮುಚ್ಚಳ ತೆಗೆದ. ಮುಚ್ಚಳದ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದವು. ಒಳಗಿನ ಮಿಡತೆಗಳ ಕಾಲುಗಳು ಗಾಳಿಗೆ ಅಲುಗಿದವು. ಅವನ ಕುದುರೆ ಮೂಗು ಊದಿತು.

"ಇದೇನ ಜಾದೂ?"

"ಮೀನ ಹಿಡಿಯೂದ್ರಿ, ಸಾಹೇಬರ" ಎಂದರು ಮಾವನವರು.

"ಯಾರ್ದು?"

"ನಂದರಿ."

"ನೀ ಮೀನ ತಿಂತಿಯೇನು?"

"ಇಲ್ರಿ."

ಆ ಉತ್ತರ ಕೇಳಿ ಜಮಾದಾರ ನಕ್ಕ. ಮಾವನವರ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಸಿದ.

ರೋಣದ ಹೊರಗೆ ಒಂದು ಬಯಲಿನಲ್ಲಿ ಅವರ ಠಾಣ್ಯ ಇತ್ತು. ದೊಡ್ಡ ಬೇವಿನ ಮರದ ಕೆಳಗೆ ಮರದ ಕೋಳ ಹಾಕಿದ್ದರು: ಎರಡು ಭಾರದ ಹಲಗೆಗಳ ನಡುವೆ ತೂತು; ಕಾಲನ್ನು ತೂತಿನಲ್ಲಿಟ್ಟು ಮೇಲಿನ ಹಲಗೆ ಮುಚ್ಚಿ ಬೀಗ ಹಾಕುವುದು. ಕೂತವನು ಕಾಲು ನೀಡಿಯೇ ಕೂತಿರಬೇಕು. ಪಾದಗಳು ಹಲಗೆಯ ಆಚೆ. ಮಾವನವರನ್ನು ಅದಕ್ಕೆ ಹಾಕಿದರು. ನಮ್ಮಿಬ್ಬರನ್ನು ತಡೆಯಲಿಲ್ಲ, ಹೋಗೆಂದೂ ಹೇಳಲಿಲ್ಲ. ನಾವು ಸ್ವಲ್ಪ ದೂರದಲ್ಲಿ ಗಂಟಿನ ಮೇಲೆ ಕುಳಿತೆವು.

ಬೆಳಗಿನಿಂದ ಅಲ್ಲಿ ಏನೇನು ತೀರ್ಮಾನವಾಗಿದೆ ಎಂಬುದನ್ನು ನೀರು ತರುವ ಹೆಂಗಸು ಅತ್ತೆಯವರಿಗೆ ಹೇಳಿದಳು. ಸತ್ತ ಸಾಹೇಬನ ಒಂದು ಬೆಳ್ಳಿಯ ಗುಂಡಿ ಸಿಕ್ಕಿದ್ದಕ್ಕೆ ಒಬ್ಬನನ್ನು ಗಲ್ಲಿಗೆ ಕಳಿಸಿದರಂತೆ. ಅವಳು ಅದನ್ನು ತುಂಬ ಮೆಲ್ಲಗೆ ಹೇಳಿದಳು.

ಬಿಸಿಲು ನೆತ್ತಿಗೇರುವ ಮುಂಚೆ ಠಾಣ್ಯದ ಸಾಹೇಬ ಬಂದ. ತೆಳ್ಳಗಿನ, ಬಿಸಿಲಿಗೆ ಮೂಗು ಸುಲಿದ, ಬೇಸತ್ತ ಮನುಷ್ಯ. ಜತೆಗೆ ಮಾತು ತಿಳಿಸಲು ಒಬ್ಬ ಕಾರಕೂನ. ಸಾಹೇಬ ಡಬ್ಬಿಯಿಂದ ಒಂದು ಮಿಡತೆಯನ್ನು ಎತ್ತಿದ ಕೂಡಲೇ ಅವನಿಗೆ ಅದು ಏನೆಂದು ಗೊತ್ತಾಯಿತು. ಹೇಗೆ ಗೊತ್ತಾಯಿತೆಂದರೆ, ಅವನು ಅದನ್ನು ಕೊಕ್ಕೆಯ ಬೆನ್ನು ಹಿಡಿದು ಎತ್ತಿದ. ಜಮಾದಾರನ ಬೆರಳಿಗೆ ಅದೇ ಕೊಕ್ಕೆ ಚುಚ್ಚಿ ರಕ್ತ ಬಂದಿತ್ತು. ಇನ್ನು ಬಿಡುತ್ತಾರೆ ಎಂದುಕೊಂಡೆ.

ಕಾರಕೂನ ಹೇಳಿದ: "ನೋಡಪಾ, ಸಾಹೇಬರು ಏನಂತಾರ ಅಂದ್ರ, ಇದು ಮೀನ ಹಿಡಿಯೂದು ಖರೇ. ಆದ್ರ ಇದು ವಿಲಾಯತಿ ವಸ್ತು. ಡಬ್ಬಿ ವಿಲಾಯತಿದು, ಕೊಕ್ಕಿ ವಿಲಾಯತಿವು. ಇದನ್ನ ಕಟ್ಟೂದು ಅಲ್ಲಿಯವರಿಗೇ ಎಲ್ಲಾರಿಗೂ ಬರೂದಿಲ್ಲ. ಸತ್ತ ಸಾಹೇಬರ ಪೆಟ್ಟಿಗ್ಯಾಗಿಂದಲ್ಲದ ನರಗುಂದದಾಗ ಇದು ಎಲ್ಲಿಂದ ಬಂತು?"

"ಮೋಜಣಿ ಸಾಹೇಬರು ಡಬ್ಬಿ ಕೊಟ್ರರಿ. ಹುಳಾ ನಾನ ಕಟ್ಟೀನ್ರಿ."

"ಮೋಜಣಿ ಸಾಹೇಬರು ಎಲ್ಲಿ ಅದಾರ?"

"ಹೋದ್ರರಿ."

"ಎಲ್ಲಿಗಿ?"

ಮಾವನವರಿಗೆ ಗೊತ್ತಿರಲಿಲ್ಲ. ಕಾರಕೂನ ಸಾಹೇಬನ ಕಡೆ ನೋಡಿದ. ಸಾಹೇಬ ಒಂದು ಮಾತು ಹೇಳಿದ. "ಕಟ್ಟೀನಿ ಅಂತಿಯಲ್ಲ, ಕಟ್ಟಿ ತೋರ್ಸು ಅಂತಾರ" ಎಂದ ಕಾರಕೂನ.

ಸಾಮಾನೆಲ್ಲ ಮಾವನವರ ಮುಂದೆಯೇ ಇತ್ತು. ಗರಿ ಮಾತ್ರ ಇರಲಿಲ್ಲ. ಅಡಿಗೆಯ ಡೇರೆಯ ಹಿಂದೆ ಸಾಹೇಬನ ಊಟಕ್ಕೆಂದು ಕೊಯ್ದ ಹುಂಜದ ಪುಕ್ಕ ಬಿದ್ದಿತ್ತು. ಒಂದು ಹಿಡಿ ತಂದು ಹಾಕಿದರು. ನವಿಲುಗರಿಯ ಬದಲು ಕಂದು ರೇಷ್ಮೆ ಸಾಕು ಎಂದು ಮಾವನವರೇ ಹೇಳಿದರು. ಕೈಗಳ ಕಟ್ಟು ಬಿಚ್ಚಿದರು.

ಅವರು ಕೊಕ್ಕೆ ಎತ್ತಿಕೊಂಡರು. ಅಭ್ಯಾಸದಿಂದ ಮೊಣಕಾಲು ಎತ್ತಲು ಹೋದರು. ಹಲಗೆ ಕಡಕಡ ಎಂದಿತು, ಕಾಲು ಬರಲಿಲ್ಲ. ಮುಂದಕ್ಕೆ ಬಾಗಿ ಹಲಗೆಯ ಆಚೆಯ ಬೆರಳನ್ನು ಮುಟ್ಟಲು ನೋಡಿದರು, ಎಟುಕಲಿಲ್ಲ. ಆಮೇಲೆ ಕೊಕ್ಕೆಯನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಿಂದ ಸುತ್ತಲು ಹೊರಟರು. ಕೊಕ್ಕೆ ಹೊರಳಿತು, ಮುಳ್ಳು ಕೆಳತುಟಿಗೆ ತಾಗಿತು. ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಸುತ್ತಿದರು. ರೇಷ್ಮೆ ಸಡಿಲಾಗಿ ಜಾರಿತು. ಗರಿ ಉದುರಿತು. ನಾನು ಅವರ ಕೈಯನ್ನು ಹೊಸ್ತಿಲ ಒಳಗಿನಿಂದ ಅಷ್ಟು ವರ್ಷ ನೋಡಿದ್ದೆ. ಆ ಕೈಗಳು ಆ ದಿನ ಯಾರದೋ ಕೈಗಳಂತಿದ್ದವು.

"ಮಗ್ಗಲಮನಿ ಹುಡುಗಿ ಜಡಿ ಹಾಕಿದಂಗ ಹಾಕಾಕತ್ಯಾನ" ಎಂದು ಜಮಾದಾರ ನಕ್ಕ. ಕಾರಕೂನ ಸಾಹೇಬನಿಗೆ ಏನೋ ಹೇಳಿದ. ಸಾಹೇಬ ಗಡಿಯಾರ ತೆಗೆದು ನೋಡಿ ಎದ್ದ.

ಅವನು ಎದ್ದದ್ದನ್ನು ಕಂಡಾಗ ನಾನು ಅತ್ತೆಯವರ ತೋಳು ಹಿಡಿದೆ. "ಅತ್ತಿ, ಅವರಿಗಿ ಕಾಲಿನ ಹೆಬ್ಬಟ್ಟು ಸಿಗವಲ್ದು. ಕಾಲ ಬಿಡಸ್ಲಿಕ್ಕೆ ಹೇಳ್ರಿ."

ಅತ್ತೆಯವರು ಹೇಗೆ ಎದ್ದರೋ, ಕಾರಕೂನನ ಮುಂದೆ ಹೋಗಿ ನಿಂತಿದ್ದರು. "ನಮ್ಮವರು ಕಾಲಿಲ್ಲದ ಕಟ್ಟಾಂಗಿಲ್ರೀ ಅಪ್ಪಾ! ಕೋಳ ತಗೀರಿ!"

"ಕಾಲಿಲೆ ಕಟ್ತಾನೇನು?" ಎಂದ ಕಾರಕೂನ. ಜಮಾದಾರ ಕೋಳ ತೆಗೆಯಲು ಒಪ್ಪಲಿಲ್ಲ. ಹಿಂದಿನ ದಿನ ಒಬ್ಬ ಹಾಗೆಯೇ ಬಿಡಿಸಿಕೊಂಡು ಹಳ್ಳದ ಜಾಲಿಕಂಟಿಗಳಲ್ಲಿ ಮಾಯವಾಗಿದ್ದನಂತೆ. ಕಾರಕೂನ ಸಾಹೇಬನನ್ನು ಕೇಳಿದ. ಮೊದಲು ಕಟ್ಟಲಿ, ಆಮೇಲೆ ತೆಗೆಯುವುದು ಎಂಬುದೇ ಉತ್ತರ. ಆದರೆ ಸಾಹೇಬ ಮತ್ತೆ ಕುಳಿತ. ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು.

"ಹಂಗಾರ ನನ್ನ ಕಾಲ ತಗೋಳ್ರಿ" ಎಂದು ಅತ್ತೆಯವರು ಮಾವನವರ ಪಕ್ಕ ದೊಪ್ಪನೆ ಕುಳಿತು ತಮ್ಮ ಕಾಲು ಚಾಚಿದರು. ಮಾವನವರು ಒಂದು ಗಳಿಗೆ ನೋಡಿ, ಆ ಹೆಬ್ಬೆರಳಿಗೆ ಕುಣಿಕೆ ಹಾಕಿ, ಕೊಕ್ಕೆ ಸಿಗಿಸಿ, ದಾರ ಎಳೆದರು. ಕೊಕ್ಕೆ ಕುಣಿಯಿತು.

"ಅಲುಗಾಡಬ್ಯಾಡ."

"ನಾ ಎಲ್ಲಿ ಅಲುಗಾಡ್ತೀನಿ? ಭೂಮೀನ ಅಲುಗಾಡ್ತೈತಿ!"

ಅವರ ಕಾಲು ಸೊಂಟದಿಂದ ಬೆರಳಿನವರೆಗೆ ನಡುಗುತ್ತಿತ್ತು. ಎರಡೂ ಕೈಯಿಂದ ತಮ್ಮ ಮೊಣಕಾಲನ್ನು ಅವರೇ ಒತ್ತಿ ಹಿಡಿದರು, ಆಗ ಕೈಯೂ ನಡುಗಿತು. ಮಾವನವರು ಕುಣಿಕೆ ಬಿಚ್ಚಿ, ಆ ಪಾದದ ಮೇಲೆ ಸುಮ್ಮನೆ ಕೈ ಇಟ್ಟರು. ಅತ್ತೆಯವರು ನನ್ನ ಕಡೆ ತಿರುಗಿದರು. ನನ್ನ ಕಾಲನ್ನು ನೋಡಿದರು. ಬಾಯಿ ಬಿಟ್ಟು ಹೇಳುವ ಮಾತು ಅದಾಗಿರಲಿಲ್ಲ.

ನಾನು ಎದ್ದು ಹೋದೆ. ನೆಲಕ್ಕೆ ಹಣೆ ಹಚ್ಚಿ ಮಾವನವರಿಗೆ ನಮಸ್ಕಾರ ಮಾಡಿದೆ. ಮಣ್ಣು ಮೆತ್ತಿದ ಬಲಗಾಲನ್ನು ಸೆರಗಿನಿಂದ ಒರೆಸಿದೆ. ಅವರ ಬದಿಗೆ ಕುಳಿತು, ಸೆರಗನ್ನು ಗದ್ದದವರೆಗೆ ಎಳೆದುಕೊಂಡು, ಕಾಲನ್ನು ಅವರ ಮಡಿಲ ಕಡೆ ಚಾಚಿದೆ.

ಮಾವನವರು ಮುಖ ತಿರುಗಿಸಿದರು. ಗಲ್ಲಿನ ಮಾತಿಗೆ ಹೆದರದೆ ಕುಳಿತಿದ್ದ ಮನುಷ್ಯ, ಸೊಸೆಯ ಕಾಲು ಕಂಡು ಕಣ್ಣು ಮುಚ್ಚಿದರು. ಸುತ್ತ ನಿಂತವರಲ್ಲಿ ನಮ್ಮ ಕಡೆಯವರು ಯಾರು ಇದ್ದರೋ, "ಶಿವ ಶಿವ" ಎಂದದ್ದು ಕೇಳಿಸಿತು. ಜಮಾದಾರ ಕೂಡ ನಗಲಿಲ್ಲ.

"ಕಟ್ರಿ ಮಾವಾರ" ಎಂದೆ. ನಾನು ಅವರೊಡನೆ ಆಡಿದ ಮೊದಲ ಮಾತು ಅದು.

ಅವರು ಕಣ್ಣು ತೆರೆದು ಕುಣಿಕೆ ಹಾಕಿದರು. ನನ್ನ ಬೆರಳನ್ನು ಮುಟ್ಟದ ಹಾಗೆ, ದಾರವನ್ನು ಮಾತ್ರ ಹಿಡಿದು, ಜಾರಿಸಿದರು. ಕೊಕ್ಕೆಯ ಬಾಗು ಕುಣಿಕೆಗೆ ಬಿತ್ತು. ಇನ್ನೊಂದು ತುದಿಯ ದಾರ ಹಲ್ಲಿಗೆ ಹೋಯಿತು. ಎಳೆದರು. ಬೆರಳು ಕೊಯ್ದಂತಾಯಿತು, ನಾನು ಎದುರು ಎಳೆದೆ. ಕೊಕ್ಕೆ ನಿಂತಿತು.

ಆಮೇಲೆ ನಡೆದದ್ದನ್ನು ಸೆರಗಿನ ನೂಲಿನ ಸಂದಿಯಿಂದ ಇಷ್ಟೇ ದೂರದಲ್ಲಿ ಕಂಡೆ. ಮೇಣ ಹಚ್ಚಿದ ರೇಷ್ಮೆಯನ್ನು ಕೊಕ್ಕೆಯ ಮೈಯುದ್ದಕ್ಕೂ ಒತ್ತಾಗಿ ಸುತ್ತಿದರು. ಅದು ಗರಿ ಜಾರದಿರಲು ಹಾಕುವ ಹಾಸಿಗೆ. ಹಿಂಬದಿಗೆ ಬಾಲದ ನಾಲ್ಕು ಗರಿಯೆಳೆ. ಆಮೇಲೆ ಕಂದು ರೇಷ್ಮೆಯ ಮೈ, ನಡುವೆ ದಪ್ಪ, ತುದಿಗೆ ಸಣ್ಣ. ಕೈಗಳು ಮತ್ತೆ ಅವರವೇ ಆಗಿದ್ದವು. ನನ್ನ ಎದೆ ಬಡಿಯುವುದು ಕಾಲಿಗೆ ಇಳಿಯಬಾರದೆಂದು ನಾನು ನನ್ನ ಅಂಗೈಯನ್ನು ಉಗುರಿನಿಂದ ಒತ್ತಿಕೊಂಡಿದ್ದೆ.

ಕಾಲು ಕಟ್ಟುವ ಹೊತ್ತು ಬಂತು. ಡಬ್ಬಿಯಲ್ಲಿದ್ದ ಬೂಟಿನ ಪಟ್ಟಿಯಿಂದ ಎಳೆ ಬಿಡಿಸಿದರು. ಅದು ತುಂಡಾಯಿತು. ಇನ್ನೊಂದು ಬಿಡಿಸಿದರು, ಅದೂ ತುಂಡಾಯಿತು. ಬೇಸಿಗೆಗಳ ಬಿಸಿಗೆ ಆ ಎಳೆಗಳೆಲ್ಲ ಬೆಲ್ಲದ ಪಾಕ ಒಣಗಿದಂತೆ ಆಗಿದ್ದವು. ಒಂದು ಸರಿಯಾದದ್ದು ಸಿಕ್ಕಿತು, ಅದು ಎರಡು ಕಾಲಿಗೆ ಮಾತ್ರ ಆಯಿತು. ಒಂದು ಬದಿ ಮುಗಿಯಿತು. ಇನ್ನೊಂದು ಬದಿಗೆ ಏನೂ ಇರಲಿಲ್ಲ. ಪಟ್ಟಿಯನ್ನು ಪೂರ್ತಿ ಬಿಡಿಸಿದರು. ಪುಡಿ ಉದುರಿತು. ಹಳೆಯ ಮಿಡತೆಗಳ ಕಾಲುಗಳು ಮೇಣ ಸವರಿದ್ದರಿಂದ ಕೆಟ್ಟಿರಲಿಲ್ಲ, ಆದರೆ ಬಿಚ್ಚಿ ಮತ್ತೆ ಕಟ್ಟುವಷ್ಟು ಉದ್ದ ಅವಕ್ಕಿರಲಿಲ್ಲ.

ಕಾರಕೂನ ಬಗ್ಗಿ ನೋಡಿ, "ಏನಾತು? ನಿಂತ್ಯಲ್ಲ?" ಎಂದ.

ಮಾವನವರ ಹಲ್ಲಿನಲ್ಲಿ ದಾರವಿತ್ತು, ಮಾತಾಡುವಂತಿರಲಿಲ್ಲ. ಅವರು ತಲೆ ಎತ್ತದೆ ಕಣ್ಣು ಮಾತ್ರ ಹೊರಳಿಸಿ ಒಂದು ಕಡೆ ನೋಡಿದರು. ಅಲ್ಲಿಂದ ಕದಲಿಸಲಿಲ್ಲ. ಅವರು ನೋಡುತ್ತಿದ್ದುದು ಸಾಹೇಬನ ಬೂಟನ್ನು. ಅದಕ್ಕೂ ಲಾಡಿ ಇರಲಿಲ್ಲ. ಬದಿಗೆ ಪಟ್ಟಿ, ಪಟ್ಟಿಯ ಅಂಚಿನಲ್ಲಿ ಕಿತ್ತುಬಂದ ಒಂದು ಎಳೆ.

ಅದನ್ನು ಹೇಳುವುದು ನನ್ನ ಪಾಲಿಗೆ ಬಂತು. "ಸಾಹೇಬರ ಬೂಟಿನಾಗಿಂದ ಒಂದ ಎಳಿ ಬೇಕ್ರಿ" ಎಂದೆ.

"ಏನಂದಿ?" ಕಾರಕೂನ ಹೌಹಾರಿದ. "ನಾ ಹೇಳಾಂಗಿಲ್ಲವಾ ತಂಗಿ, ನನ್ನ ತಲಿ ನನಗ ಬೇಕು."

ಅವನು ಹೇಳುವ ಅಗತ್ಯ ಬೀಳಲಿಲ್ಲ. ಸಾಹೇಬ ಮಾವನವರ ಕಣ್ಣಿನ ದಿಕ್ಕು ಹಿಡಿದು ತನ್ನ ಕಾಲನ್ನು ತಾನೇ ನೋಡಿಕೊಂಡ. ಆಮೇಲೆ ಡಬ್ಬಿಯ ಹಳೆಯ ಮಿಡತೆಯೊಂದನ್ನು ಎತ್ತಿ, ಅದರ ಒಂದು ಕಾಲನ್ನು ಉಗುರಿನಿಂದ ಹಿಡಿದು ಎಳೆದ. ಅದು ಹಿಗ್ಗಿತು. ಬಿಟ್ಟ. ಕುಗ್ಗಿತು. ತನ್ನ ಬೂಟಿನ ಎಳೆಯನ್ನು ಎಳೆದ. ಹಿಗ್ಗಿತು, ಕುಗ್ಗಿತು. ಅವನ ಮುಖದಲ್ಲಿ ಏನಾಯಿತೆಂದು ನಾನು ಸರಿಯಾಗಿ ಹೇಳಲಾರೆ. ಬೇಸರ ಹೋಯಿತು ಎಂದಷ್ಟೇ ಹೇಳಬಲ್ಲೆ. ಸೊಂಟದ ಚಾಕು ತೆಗೆದು ಆ ಎಳೆಯನ್ನು ಬುಡದಲ್ಲಿ ಕೊಯ್ದು, ಬಗ್ಗಿ, ತಾನೇ ಮಾವನವರ ಅಂಗೈಗೆ ಹಾಕಿದ.

ಅದು ಹೊಸ ಎಳೆ, ಗಟ್ಟಿಯಾಗಿತ್ತು. ಮಾವನವರು ಅದನ್ನು ಎರಡು ತುಂಡು ಮಾಡಿ, ಮೈಯ ಇನ್ನೊಂದು ಬದಿಗೆ ಒಂದನ್ನು ಮುಂದಕ್ಕೆ ಒಂದನ್ನು ಹಿಂದಕ್ಕೆ ಇಟ್ಟು, ಒತ್ತದೆ, ಸ್ವಲ್ಪ ಸಡಿಲು ಬಿಟ್ಟು ಕಟ್ಟಿದರು. ಬಿಗಿದರೆ ಅದು ಅಲುಗುವುದಿಲ್ಲ. ಕೊರಳಿಗೆ ಹುಂಜದ ಗರಿ ಸುತ್ತಿದರು. ಕೊನೆಯ ಎಳೆಯನ್ನು ಅದರದೇ ಸುತ್ತುಗಳ ಕೆಳಗೆ ತೂರಿಸಿ ಎಳೆದರು. ಗಂಟು ಮಾಯವಾಯಿತು. ಹಲ್ಲಿನ ದಾರ ಬಿಟ್ಟರು. ನನ್ನ ಬೆರಳಿನ ಕುಣಿಕೆ ಸಡಿಲಾಯಿತು.

ಸಾಹೇಬ ಅದನ್ನು ಅಂಗೈಯಲ್ಲಿಟ್ಟು ಊದಿದ. ಕಾಲುಗಳು ನಡುಗಿದವು. ಡಬ್ಬಿಯ ಹಳೆಯದರ ಪಕ್ಕದಲ್ಲಿಟ್ಟು ನೋಡಿದ, ಎರಡರ ಹಿಂಬದಿಯನ್ನೂ ಹೊರಳಿಸಿ ನೋಡಿದ. ಜಮಾದಾರನಿಗೆ ಕೈಯಿಂದ ಸನ್ನೆ ಮಾಡಿದ. ಬೀಗದ ಸದ್ದು ಕೇಳಿತು.

"ಹೋಗಪಾ, ಲಗೂ ಹೋಗು" ಎಂದ ಕಾರಕೂನ, ತಾನೇ ಬಿಡುಗಡೆಯಾದವನಂತೆ ಬೆವರು ಒರೆಸಿಕೊಳ್ಳುತ್ತ. "ಹುಳಾ ಸಾಹೇಬರು ಇಟಗೋತಾರಂತ. ಡಬ್ಬಿನೂ ಬಿಟ್ಟ ಹೋಗು, ಮುಂದ ಮತ್ತ ಯಾರರ ಹಿಡದಾರು."

"ಇಟಗೊಳ್ಳಿರಿ, ಇಟಗೊಳ್ಳಿ!" ಎಂದರು ಅತ್ತೆಯವರು. "ಇನ್ನೊಂದ ಬೂಟೂ ನಿಮ್ಮದ ಇರ್ಲಿ!"

ಮಾವನವರಿಗೆ ಏಳಲಾಗಲಿಲ್ಲ. ಕಾಲುಗಳು ಜೋಮು ಹಿಡಿದಿದ್ದವು. ಒಂದು ಬದಿಗೆ ಅತ್ತೆಯವರು, ಇನ್ನೊಂದು ಬದಿಗೆ ನಾನು ಹಿಡಿದುಕೊಂಡೆವು; ಆ ಹೊತ್ತಿಗೆ ಯಾರು ಯಾರನ್ನು ಮುಟ್ಟಬಾರದು ಎಂಬುದು ಯಾರ ತಲೆಗೂ ಬರಲಿಲ್ಲ. ಠಾಣ್ಯದ ಕಾವಲು ದಾಟುವವರೆಗೆ ಮೂವರೂ ಹಿಂದೆ ತಿರುಗಲಿಲ್ಲ.

ನರೇಗಲ್ಲಿನ ದಾರಿಯಲ್ಲಿ ಒಂದು ಹೊಲದ ಬಾವಿ ಸಿಕ್ಕಿತು. ಹೊಲದವರು ನಮ್ಮ ಮುಖ ನೋಡಿ ಏನೂ ಕೇಳದೆ ಹಗ್ಗ ಕೊಟ್ಟರು, ಎರಡು ರೊಟ್ಟಿ, ಒಂದಿಷ್ಟು ಅಗಸಿ ಹಿಂಡಿ ಕೊಟ್ಟರು. ಅತ್ತೆಯವರು ರೊಟ್ಟಿ ಮುರಿಯುತ್ತ ಇದ್ದಕ್ಕಿದ್ದಂತೆ ನಗತೊಡಗಿದರು.

"ಭೂಮಿ ಅಲುಗಾಡ್ತೈತಿ ಅಂದೆನಲ್ಲ ಯವ್ವಾ ನಾ! ಅಂದೆನಲ್ಲ!"

ನಗುತ್ತ ನಗುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜ ಅಲುಗುತ್ತಿತ್ತು. ಅದು ನಗುವೋ ಅಳುವೋ ನೋಡಲು ನಾನು ಹೋಗಲಿಲ್ಲ. ನನಗೂ ಅದೇ ಆಗುತ್ತಿತ್ತು. ಮಾವನವರು ತುಟಿಯ ಗಾಯಕ್ಕೆ ತಾಗದಂತೆ, ಬಾಯಿಯ ಒಂದು ಮೂಲೆಯಿಂದ ನಿಧಾನವಾಗಿ ರೊಟ್ಟಿ ತಿಂದರು. ತಿಂದು ಮುಗಿಸಿ, ಬಾವಿಯ ಪಕ್ಕದ ಜಾಲಿಯ ನೆರಳಿನಲ್ಲಿ, ಗಂಟಿನ ಮೇಲೆ ತಲೆಯಿಟ್ಟು ಮಲಗಿದರು.

ಹಾಗೆಯೇ ನಿದ್ದೆ ಹತ್ತಿತು. ಜೋರಾಗಿ ಗೊರಕೆ ಹೊಡೆಯತೊಡಗಿದರು. ನರಗುಂದದ ಮನೆಯಲ್ಲಿ ಆ ಗೊರಕೆಗೆ ಅತ್ತೆಯವರು ಬೈಯದ ದಿನವಿರಲಿಲ್ಲ. ಕತ್ತಲಾಗುವ ಮೊದಲು ನರೇಗಲ್ಲು ಮುಟ್ಟಬೇಕಾಗಿತ್ತು. ದಾರಿಯಲ್ಲಿ ಮತ್ತೆ ಸವಾರರು ಕೆಸರು ಹಾರಿಸಿ ಹೋದರು. ನಮ್ಮ ಕಡೆ ನೋಡಲಿಲ್ಲ. ನೆರಳು ಜಾರಿ ಮಾವನವರ ಮುಖದ ಮೇಲೆ ಬಿಸಿಲು ಬಿತ್ತು. ಅತ್ತೆಯವರು ಎಬ್ಬಿಸಲಿಲ್ಲ. ಎದ್ದು ಹೋಗಿ, ಬಿಸಿಲಿಗೆ ತಮ್ಮ ಬೆನ್ನು ಕೊಟ್ಟು, ಅವರ ಮೇಲೆ ನೆರಳು ಬೀಳುವ ಹಾಗೆ ಕುಳಿತರು. ನಾನು ಕಾಲು ಮಡಚಿ ಅತ್ತೆಯವರ ಬೆನ್ನಿಗೆ ಒರಗಿದೆ. ಒಂದು ಗೊರಕೆ ಮುಗಿದು ಇನ್ನೊಂದು ಬರುವವರೆಗೆ ನಾವಿಬ್ಬರೂ ಉಸಿರು ಹಿಡಿಯುತ್ತಿದ್ದೆವು, ಬಂದ ಮೇಲೆ ಬಿಡುತ್ತಿದ್ದೆವು.